ಊರಿನ ಕಲ್ಲಿಗೆ ಫೋನ್ ಹಿಡಿದು ಮೂರು ಸುತ್ತು

(ಗಡಿ ತಾಲೂಕುಗಳ ನಮ್ಮ ಹುಡುಗ ಹುಡುಗಿಯರಿಗಾಗಿ ನಡೆಸಿದ ಎರಡು ದಿನದ ಶಿಬಿರದಲ್ಲಿ ನಮ್ಮ ತಂಡದ ಪರವಾಗಿ ಆಡಿದ ಮಾತು ಇದು. ಬರಲಾಗದವರು ಕೇಳಿದ್ದರಿಂದ ಇಲ್ಲಿ ಹಾಕುತ್ತಿದ್ದೇವೆ.)



ಮೊದಲೇ ಹೇಳಿಬಿಡ್ತೇವೆ, ನಮ್ಮ ತಂಡದಲ್ಲಿ ಒಬ್ಬರೂ ಸಾಫ್ಟ್‌ವೇರ್ ಎಂಜಿನಿಯರ್ ಇಲ್ಲ. ಒಬ್ಬರು ಶಾಲೆಯಲ್ಲಿ ಕನ್ನಡ ಪಾಠ ಮಾಡ್ತಾರೆ, ಒಬ್ಬರದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ, ಇಬ್ಬರು ಡಿಗ್ರಿ ಓದ್ತಾ ಇದ್ದಾರೆ, ಇನ್ನೊಬ್ಬರಿಗೆ ಅಡಿಕೆ ತೋಟ. ಕಾಸರಗೋಡಿನವರು ಇದ್ದೇವೆ, ಮಡಕಶಿರಾ ಕಡೆಯವರು ಇದ್ದೇವೆ, ಅಕ್ಕಲಕೋಟೆಯವರೂ ಒಬ್ಬರಿದ್ದಾರೆ. ವಿಆರ್, ಎಆರ್ ಅಂದರೆ ಅದು ಬೆಂಗಳೂರಿನ ದೊಡ್ಡ ಕಂಪನಿಗಳವರ ಕೆಲಸ ಅಂತಲೇ ನಮಗೂ ಅನಿಸಿತ್ತು. ಇವತ್ತು ಮಾತಾಡುತ್ತಿರುವುದು ತಪ್ಪು ಮಾಡಿ ಕಲಿತವರು. ನೀವು ಅದೇ ತಪ್ಪು ಮಾಡದಿದ್ದರೆ ಸಾಕು. ಹೊಸ ತಪ್ಪು ಮಾಡಿ, ಬಂದು ನಮಗೆ ಹೇಳಿ.

ಹೆಸರಿನ ಗೊಂದಲ ಮೊದಲು ಬಗೆಹರಿಸಿಕೊಳ್ಳೋಣ. ಕಣ್ಣಿಗೆ ಪೆಟ್ಟಿಗೆ ಕಟ್ಟಿ, ಸುತ್ತಲಿನದು ಕಾಣದಂತೆ ಮಾಡಿ, ಬೇರೊಂದು ಜಾಗದಲ್ಲಿ ನಿಂತ ಹಾಗೆ ತೋರಿಸುವುದು ವಿಆರ್. ಎದುರಿಗೆ ಇರುವುದೂ ಕಾಣಬೇಕು, ಅದರ ಮೇಲೆ ಅಲ್ಲಿಲ್ಲದ ಒಂದು ವಸ್ತುವೂ ಬಂದು ಕೂರಬೇಕು, ಅದು ಎಆರ್. 2016ರಲ್ಲಿ ಪೋಕೆಮಾನ್ ಗೋ ಆಡಿದವರು, ಇನ್‌ಸ್ಟಾಗ್ರಾಮಿನಲ್ಲಿ ಮುಖಕ್ಕೆ ನಾಯಿಕಿವಿ ಅಂಟಿಸಿಕೊಂಡವರು ಎಲ್ಲಾ ಎಆರ್ ಬಳಸಿದವರೇ. ವಿಆರ್ ಕೂಡ ನಮಗೆ ತೀರಾ ಹೊಸದಲ್ಲ. ನಮ್ಮ ಅಜ್ಜಂದಿರು ಜಾತ್ರೆಯಲ್ಲಿ ಪೆಟ್ಟಿಗೆಯ ತೂತಿಗೆ ಕಣ್ಣಿಟ್ಟು ದಿಲ್ಲಿ ಬೊಂಬಾಯಿ ನೋಡಿದವರು. 2014ರಲ್ಲಿ ಗೂಗಲ್ ಕಾರ್ಡ್‌ಬೋರ್ಡ್ ಅಂತ ಬಿಟ್ಟದ್ದೂ ರಟ್ಟು ಮಡಚಿ ಎರಡು ಮಸೂರ ಇಟ್ಟ ಪೆಟ್ಟಿಗೆಯೇ, ಒಳಗೆ ಫೋನ್ ಸಿಕ್ಕಿಸಿದರೆ ಆಯ್ತು. ಒಂದೇ ಬೇಜಾರು ಅಂದರೆ ಆ ಜಾತ್ರೆಯ ಪೆಟ್ಟಿಗೆಯೊಳಗೆ ಯಾವತ್ತೂ ನಮ್ಮೂರು ಇರಲಿಲ್ಲ.

ನಮ್ಮೂರನ್ನು ಅದರೊಳಗೆ ಇಡೋಣ ಅಂತ ಹೊರಟ ನಮ್ಮ ಮೊದಲ ಕೆಲಸ ಕಾಸರಗೋಡು ಕಡೆಯ ಒಂದು ಕನ್ನಡ ಶಾಲೆ. ಹೆಸರು ಬೇಡ. ಹಂಚಿನ ಮಾಡು, ಮಣ್ಣಿನ ಗೋಡೆ, ಮರದ ಸರಳಿನ ಕಿಟಕಿ. ಒಂದನೇ ಕ್ಲಾಸಿನ ಗೋಡೆ ಮೇಲೆ ಯಾವ ಕಾಲದಲ್ಲೋ ಒಬ್ಬ ಮಾಷ್ಟ್ರು ಬಣ್ಣದಲ್ಲಿ ಬರೆದ ವರ್ಣಮಾಲೆ ಇತ್ತು. ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರೆ ಅಂತ ಗೊತ್ತಾಯ್ತು. ಹೊಸದು ಬೇಕೇ ಬೇಕು, ಮಳೆಗಾಲದಲ್ಲಿ ಆ ಮಾಡಿನ ಕೆಳಗೆ ಕೂತು ಪಾಠ ಕೇಳಿದವರು ನಮ್ಮಲ್ಲೇ ಇದ್ದಾರೆ. ಆದರೆ ಹಳೆಯದು ಹೋಗುವ ಮುಂಚೆ, ಅದರೊಳಗೆ ನಿಂತು ನೋಡುವ ಹಾಗೆ ಏನಾದರೂ ಉಳಿಸೋಣ ಅಂತ 360 ಡಿಗ್ರಿ ಕ್ಯಾಮೆರಾ ಬಾಡಿಗೆಗೆ ತಂದೆವು. ಹೈಸ್ಕೂಲಿನ ಐದು ಜನ ಹುಡುಗಿಯರು ಕೋಣೆ ಕೋಣೆಗೆ ಕ್ಯಾಮೆರಾ ಇಟ್ಟು ಹನ್ನೊಂದು ಫೋಟೊ ತೆಗೆದರು, ಹಳೆ ವಿದ್ಯಾರ್ಥಿಗಳ ಮಾತು ರೆಕಾರ್ಡ್ ಮಾಡಿದರು. ಒಂದು ಉಚಿತ ಜಾಲತಾಣದಲ್ಲಿ ಎಲ್ಲ ಜೋಡಿಸಿದ್ದಾಯ್ತು. ವಾರ್ಷಿಕೋತ್ಸವದ ದಿನ ಎಂಬತ್ತು ದಾಟಿದ ಒಬ್ಬ ಅಜ್ಜಿ ಪೆಟ್ಟಿಗೆ ಕಣ್ಣಿಗಿಟ್ಟು ಕೆಳಗೆ ನೋಡಿದವರೇ, "ನನ್ನ ಕಾಲು ಎಲ್ಲಿ ಹೋಯ್ತು ಮಾರಾಯ್ತಿ!" ಅಂತ ಕೂಗಿದರು. ಎಲ್ಲರೂ ನಕ್ಕರು. ಆಮೇಲೆ ಅವರು ಮೆಲ್ಲಗೆ ವರ್ಣಮಾಲೆಯ ಗೋಡೆ ಕಡೆ ತಿರುಗಿ ಸುಮಾರು ಹೊತ್ತು ಹಾಗೇ ನಿಂತಿದ್ದರು.

ಒಂದು ವರ್ಷ ಕಳೆದ ಮೇಲೆ ಆ ತಾಣ ಮುಚ್ಚಿತು. ಮುಂಚೆಯೇ ಮೇಲ್ ಬಂದಿತ್ತು, ನಾವು ನೋಡಿರಲಿಲ್ಲ. ಮೂಲ ಫೋಟೊಗಳು? ಫೋನಿನಲ್ಲಿ ಜಾಗ ಸಾಲದೆ, ಹೇಗೂ ಅಪ್‌ಲೋಡ್ ಆಗಿದೆಯಲ್ಲ ಅಂತ ಅಳಿಸಿದ್ದೆವು. ಅಷ್ಟರಲ್ಲಿ ಕಟ್ಟಡವೂ ನೆಲಸಮ ಆಗಿತ್ತು. ಈಗ ಉಳಿದಿರುವುದು ಒಬ್ಬ ಹುಡುಗಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡಿದ್ದ ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ವರ್ಣಮಾಲೆ ಟ ಠ ಡ ಢ ಣ ವರೆಗೆ ಕಾಣುತ್ತದೆ.

ಪರಿಣತರಲ್ಲದವರಿಗೆ ಅಂತಲೇ ಮಾಡಿದ ಸಲಕರಣೆಗಳ ಆಯಸ್ಸು ಎಷ್ಟು ನೋಡಿ. ಕೋಡಿಂಗ್ ಇಲ್ಲದೆ 360 ಫೋಟೊ ಜೋಡಿಸಿ ವಿಆರ್ ಪ್ರವಾಸ ಮಾಡಬಹುದಾಗಿದ್ದ ಟೂರ್ ಕ್ರಿಯೇಟರ್ ಅನ್ನು ಗೂಗಲ್ ತಂದದ್ದು 2018ರಲ್ಲಿ. 2021ರ ಜೂನ್ 30ಕ್ಕೆ ಅದು ಬಂದ್. ತ್ರೀಡಿ ಮಾದರಿಗಳನ್ನು ಇಡುತ್ತಿದ್ದ ಪಾಲಿ, ಶಾಲೆಗಳಿಗೆ ಅಂತ ಇದ್ದ ಎಕ್ಸ್‌ಪೆಡಿಶನ್ಸ್, ಅವೂ ಅದೇ ದಿನ ಹೋದವು. ಬರೀ ಫೋನಿನಲ್ಲಿ 360 ಫೋಟೊ ತೆಗೆಯಬಹುದಾಗಿದ್ದ ಸ್ಟ್ರೀಟ್ ವ್ಯೂ ಆ್ಯಪ್ 2023ರ ಮಾರ್ಚಿನಲ್ಲಿ ನಿಂತಿತು. ಎಆರ್ ಫಿಲ್ಟರ್ ಮಾಡುವ ಮೆಟಾ ಸ್ಪಾರ್ಕ್ 2025ರ ಜನವರಿ 14ಕ್ಕೆ. ಕಲಿಯುವವರು ವಿಆರ್ ಪುಟ ಮಾಡಿ ಇಟ್ಟುಕೊಳ್ಳುತ್ತಿದ್ದ ಗ್ಲಿಚ್ 2025ರ ಜುಲೈನಲ್ಲಿ ಪುಟಗಳನ್ನು ಇಡುವುದನ್ನೇ ನಿಲ್ಲಿಸಿತು. ಕಂಪನಿಗಳಿಗೆ ಅವರದೇ ಲೆಕ್ಕಾಚಾರ ಇರುತ್ತೆ, ಬೈದು ಪ್ರಯೋಜನ ಇಲ್ಲ. ನಾವಿರುವುದು ಬಾಡಿಗೆ ಮನೆ ಅಂತ ನೆನಪಿದ್ದರೆ ಸಾಕು. ಪಾತ್ರೆ ಪಡಗ ಮಾತ್ರ ನಮ್ಮದಿರಬೇಕು.

ಆದ್ದರಿಂದ ಈ ಶಿಬಿರದಲ್ಲಿ ಮೂಲ ಕಡತ ಮೂರು ಕಡೆ ಇರಬೇಕು. ಫೋನಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಇಂಟರ್ನೆಟ್ ಆರ್ಕೈವ್ ಥರದ ಜಾಗದಲ್ಲಿ ಒಂದು. 360 ಫೋಟೊ ಅಂದರೆ ಮಾಮೂಲಿ ಜೆಪೆಗ್ ಕಡತವೇ. ಭೂಮಿಯ ಗೋಳವನ್ನು ಭೂಪಟದಲ್ಲಿ ಚಪ್ಪಟೆ ಮಾಡಿದ ಹಾಗೆ ಇರುತ್ತೆ, ಅಗಲ ಎತ್ತರದ ಎರಡರಷ್ಟು. ತ್ರೀಡಿ ಮಾದರಿಯಾದರೆ ಜಿಎಲ್‌ಬಿ, ದನಿಯಾದರೆ ಎಂಪಿ3. ಈ ಮೂರಕ್ಕೂ ಯಾವ ಒಂದು ಕಂಪನಿಯ ಬೀಗವೂ ಇಲ್ಲ. ಇವತ್ತಿನ ಆ್ಯಪ್ ಸತ್ತರೆ ನಾಳೆಯ ಆ್ಯಪಿಗೆ ಹಾಕಬಹುದು. ಒಬ್ಬರಿಗೊಬ್ಬರು ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಬೇಡಿ, ಕುಗ್ಗಿಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ.

ಈಗ ತೆಗೆಯುವ ವಿಚಾರ. ಮಾಮೂಲಿ ಫೋಟೊದಲ್ಲಿ ಬೇಡದ್ದನ್ನು ಚೌಕಟ್ಟಿನ ಹೊರಗೆ ಬಿಡಬಹುದು. 360ರಲ್ಲಿ ಹೊರಗೆ ಅನ್ನುವುದೇ ಇಲ್ಲ. ಶಾಲೆಯ ಮೊದಲ ಫೋಟೊದಲ್ಲಿ ಹೆಡ್‌ಮಾಷ್ಟ್ರ ಸ್ಕೂಟರ್, ಹಗ್ಗದ ಮೇಲೆ ಒಣಗಲು ಹಾಕಿದ್ದ ಯಾರದೋ ಪಂಚೆ, ಕಂಬದ ಹಿಂದೆ ಅಡಗಿ ನಿಂತ ನಾವು, ಎಲ್ಲಾ ಬಂದಿತ್ತು. ಈಗ ಹೇಳಿಕೊಡುವಾಗ ಮೊದಲ ಅರ್ಧ ಗಂಟೆ ಯಾರಿಗೂ ಫೋನ್ ಮುಟ್ಟಲು ಬಿಡುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆಯೋದು, ಒಬ್ಬರು ಮಧ್ಯೆ ಕಣ್ಣು ಮುಚ್ಚಿ ನಿಲ್ಲೋದು. ಎದುರಿಗೆ ಏನಿದೆ, ಬೆನ್ನ ಹಿಂದೆ ಏನಿದೆ, ತಲೆ ಮೇಲೆ ಏನಿದೆ, ಎಲ್ಲಾ ಹೇಳಬೇಕು. ತಡವರಿಸದೆ ಹೇಳುವವರು ಆ ಜಾಗದಲ್ಲೇ ಓಡಾಡಿ ಬೆಳೆದವರು. ಕ್ಯಾಮೆರಾ ಎಲ್ಲಿಡಬೇಕು ಅನ್ನೋದು ಅವರಿಗೆ ಗೊತ್ತಿರುತ್ತೆ, ಹೊರಗಿನಿಂದ ಬಂದ ಎಷ್ಟು ದೊಡ್ಡ ತಂತ್ರಜ್ಞರಿಗೂ ಗೊತ್ತಿರಲ್ಲ. ಕ್ಯಾಮೆರಾ ನೋಡುವವರ ಕಣ್ಣಿನ ಎತ್ತರಕ್ಕೆ ಇರಲಿ. ನಡೆಯುತ್ತಾ 360 ವಿಡಿಯೊ ಮಾತ್ರ ತೆಗೆಯಬೇಡಿ, ಘಾಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗೆ ನೋಡಿದವರಿಗೆ ವಾಂತಿ ಬರುತ್ತೆ.

ತೆಗೆದ ಫೋಟೊ ವಿಆರ್ ಆಗುವುದಕ್ಕೆ ನಾವು ಬಳಸುವುದು ಎ-ಫ್ರೇಮ್. 2015ರಲ್ಲಿ ಮೊಜಿಲ್ಲಾದವರು ಶುರು ಮಾಡಿದ ಮುಕ್ತ ತಂತ್ರಾಂಶ. ಇದರಲ್ಲಿ ವಿಆರ್ ಅಂದರೆ ಒಂದು ವೆಬ್ ಪುಟ, ಅಷ್ಟೆ. ಎ-ಸೀನ್ ಅನ್ನುವ ಟ್ಯಾಗಿನ ಒಳಗೆ ಎ-ಸ್ಕೈ ಅನ್ನುವ ಟ್ಯಾಗ್, ಅದರಲ್ಲಿ ನಿಮ್ಮ ಫೋಟೊದ ಹೆಸರು. ತಲೆ ಮೇಲೆ ದೊಡ್ಡದೊಂದು ಬುಟ್ಟಿ ಬೋರಲು ಹಾಕಿ ಅದರ ಒಳಮೈಗೆ ಫೋಟೊ ಅಂಟಿಸಿದಂತೆ. ಹತ್ತು ಸಾಲಿನೊಳಗೆ ಮುಗಿಯುತ್ತೆ. ಅಳತೆ ಎಲ್ಲಾ ಮೀಟರಿನಲ್ಲಿ. ನೋಡುವವರ ಕಣ್ಣು ನೆಲದಿಂದ 1.6 ಮೀಟರ್ ಮೇಲಿದೆ ಅಂತ ಅದು ತಾನೇ ಅಂದುಕೊಳ್ಳುತ್ತೆ. ಎದುರಿಗೆ ಏನಾದರೂ ಇಡಬೇಕಾದರೆ ಮೈನಸ್ ಹಾಕಬೇಕು, ಪ್ಲಸ್ ಹಾಕಿದರೆ ಬೆನ್ನ ಹಿಂದೆ ಹೋಗಿ ಕೂರುತ್ತೆ. ನಾವು ಒಂದು ಬೋರ್ಡನ್ನು ಹೀಗೆ ಬೆನ್ನ ಹಿಂದೆ ಇಟ್ಟು ಇಡೀ ಸಂಜೆ ಹುಡುಕಿದ್ದೇವೆ. ಪುಟವನ್ನು ಗಿಟ್‌ಹಬ್‌ನಲ್ಲಿ ಇಟ್ಟರೆ ಪುಕ್ಕಟೆ ವಿಳಾಸ ಸಿಗುತ್ತೆ, ಫೋನಿನ ಬ್ರೌಸರಿನಲ್ಲೇ ತಿದ್ದಬಹುದು, ಲ್ಯಾಪ್‌ಟಾಪ್ ಇಲ್ಲದಿದ್ದರೂ ನಡೆಯುತ್ತೆ. ಅದೂ ಬಾಡಿಗೆ ಮನೆಯೇ. ಆದರೆ ಇಡೀ ಫೋಲ್ಡರ್ ಹೊತ್ತುಕೊಂಡು ಹೊರಡಬಹುದಾದ ಮನೆ. ಫೋಟೊ 4096ಕ್ಕೆ 2048 ಅಳತೆಯಲ್ಲಿ ಸಾಕು, ಅದಕ್ಕಿಂತ ದೊಡ್ಡದಾದರೆ ಕಡಿಮೆ ಬೆಲೆಯ ಫೋನುಗಳು ಒದ್ದಾಡುತ್ತವೆ. ಅಂಥ ಎಷ್ಟೋ ಫೋನುಗಳಲ್ಲಿ ಜೈರೊಸ್ಕೋಪ್ ಇರುವುದಿಲ್ಲ, ತಲೆ ತಿರುಗಿಸಿದರೆ ಚಿತ್ರ ತಿರುಗಲ್ಲ. ಅವರು ಬೆರಳಿನಲ್ಲಿ ಎಳೆದು ನೋಡಲಿ.

ಇಷ್ಟೂ ಇಂಗ್ಲಿಷ್ ಪಾಠಗಳಲ್ಲೇ ಸಿಗುತ್ತೆ. ಅಲ್ಲಿ ಸಿಗದೆ ಇರೋದು ಕನ್ನಡದ ಅಕ್ಷರ. ಶಾಲೆಯ ಬಾಗಿಲ ಮೇಲೆ "ಸ್ವಾಗತ" ಅಂತ ಬೋರ್ಡು ತೂಗುಹಾಕೋಣ ಅಂತ ಎ-ಫ್ರೇಮಿನಲ್ಲಿ ಬರೆದರೆ ಮೊದಲು ಏನೂ ಕಾಣಲಿಲ್ಲ. ಕನ್ನಡ ಫಾಂಟ್ ಸೇರಿಸಿದ ಮೇಲೆ ಕಂಡಿತು, ಒಡೆದು ಚೂರಾಗಿ. ಸಕಾರ ಒಂದು ಕಡೆ, ವತ್ತು ಇನ್ನೊಂದು ಕಡೆ, ದೀರ್ಘ ಮತ್ತೊಂದು ಕಡೆ. ಕಾರಣ ಏನಂದರೆ ಇಂಥ ತಂತ್ರಾಂಶ ಒಂದೊಂದು ಅಕ್ಷರಕ್ಕೂ ಒಂದೊಂದು ಚಿತ್ರ ಇಟ್ಟುಕೊಂಡು ಸಾಲಾಗಿ ಜೋಡಿಸುತ್ತೆ. ಇಂಗ್ಲಿಷಿಗೆ ಅದು ಸಾಕು. ನಮ್ಮ ಒತ್ತಕ್ಷರ, ಕಾಗುಣಿತ ಒಂದರ ಕೆಳಗೊಂದು ಕೂರಬೇಕು, ಒಂದಕ್ಕೊಂದು ಬೆಸೆಯಬೇಕು. ಆಟಗಳನ್ನು ಮಾಡುವ ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊದಲ್ಲೂ ಇದೇ ಗೋಳು. ಕನ್ನಡದಲ್ಲಿ ವಿಆರ್ ಮಾಡಲು ಹೊರಟವರು ಎಷ್ಟೋ ಜನ ಇಲ್ಲಿಗೆ ಬಂದು ಸುಸ್ತಾಗಿ, ಇಂಗ್ಲಿಷಿನಲ್ಲೇ ಹಾಕಿಬಿಡೋಣ ಅಂತ ಬಿಡ್ತಾರೆ. ನಾವೂ ಬಿಡುವವರಿದ್ದೆವು.

ದಾರಿ ಹೇಳಿದ್ದು ಫ್ಲೆಕ್ಸ್ ಅಂಗಡಿಯವರು. ಅವರಿಗೆ ಅಕ್ಷರ ಅಂದರೆ ಮೊದಲಿನಿಂದಲೂ ಚಿತ್ರವೇ. ಬೋರ್ಡನ್ನು ಇಂಕ್‌ಸ್ಕೇಪಿನಲ್ಲೋ ಫೋನಿನ ಯಾವುದಾದರೂ ಪೋಸ್ಟರ್ ಆ್ಯಪಿನಲ್ಲೋ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ, ಎ-ಇಮೇಜ್ ಟ್ಯಾಗಿನಲ್ಲಿ ತೂಗುಹಾಕಿ. ವತ್ತು ಒಡೆಯುವ ಪ್ರಶ್ನೆಯೇ ಇಲ್ಲ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಎಲ್ಲಾ ಪುಕ್ಕಟೆ ಸಿಗುವ ಫಾಂಟುಗಳು. ಆದರೆ ಅಂಗಡಿಯವರಿಗೆ ನಾವು ಒಂದು ಮಾತು ಹೇಳಬೇಕಾಯ್ತು, ಹಳೆ ನುಡಿ-ಬರಹ ಫಾಂಟಿನ ಅಭ್ಯಾಸ ಬಿಟ್ಟು ಯೂನಿಕೋಡಿನಲ್ಲೇ ಟೈಪ್ ಮಾಡಿ ಅಂತ. ಅದೇ ಪಠ್ಯವನ್ನು ಪುಟದಲ್ಲೂ ಸಾದಾ ಅಕ್ಷರವಾಗಿ ಇಟ್ಟರೆ, ನಾಳೆ ಯಾರಾದರೂ ಊರಿನ ಹೆಸರನ್ನು ಕನ್ನಡದಲ್ಲಿ ಹುಡುಕಿದಾಗ ಸಿಗುತ್ತೆ.

ಎರಡನೇ ಕೆಲಸ ಮಡಕಶಿರಾ ಕಡೆ. ಆ ಸೀಮೆಯ ಹೇಮಾವತಿ ಗೊತ್ತಲ್ಲ, ಶಾಸನಗಳಲ್ಲಿ ಬರುವ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿನ ಗುಡಿಗಳನ್ನು ನೋಡಿಕೊಳ್ಳಲು ಪುರಾತತ್ವ ಇಲಾಖೆ ಇದೆ. ಹೊಲದ ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ ನಿಂತ ವೀರಗಲ್ಲುಗಳಿಗೆ ಯಾರೂ ಇಲ್ಲ. ಹಾಗೆ ರಸ್ತೆ ಪಕ್ಕದಲ್ಲಿದ್ದ ಒಂದು ಕಲ್ಲಿನ ತ್ರೀಡಿ ಮಾದರಿ ಮಾಡೋಣ ಅಂತ ಹೋದೆವು, ಯಾಕಂದರೆ ರಸ್ತೆ ಅಗಲ ಮಾಡುವ ಗುರುತು ಅದರ ಆಚೆಗೆ ಬಿದ್ದಿತ್ತು. ಹೋದದ್ದು ನಡು ಮಧ್ಯಾಹ್ನ. ಕಲ್ಲಿಗೆ ಪೂಜೆಯ ಎಣ್ಣೆ ಮೆತ್ತಿ ಫಳಫಳ ಹೊಳೀತಿತ್ತು. ನಲವತ್ತು ಫೋಟೊ ತೆಗೆದು ಆ್ಯಪಿಗೆ ಕೊಟ್ಟರೆ ವೀರನ ಬದಲು ಕರಗಿದ ಬೆಣ್ಣೆ ಮುದ್ದೆ ಬಂತು.

ಈ ಕೆಲಸಕ್ಕೆ ಫೋಟೊಗ್ರಾಮೆಟ್ರಿ ಅಂತಾರೆ. ನಮ್ಮ ಎರಡು ಕಣ್ಣು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕಡೆಯಿಂದ ನೋಡಿ ದೂರ ಅಂದಾಜು ಮಾಡುವ ಹಾಗೆ, ತಂತ್ರಾಂಶ ಹತ್ತಾರು ಫೋಟೊಗಳಲ್ಲಿ ಅದೇ ಚುಕ್ಕೆಯನ್ನು ಹುಡುಕಿ ಆಕಾರ ಲೆಕ್ಕ ಹಾಕುತ್ತೆ. ಹೊಳೆಯುವ ಮೈಯಲ್ಲಿ ಚುಕ್ಕೆ ಜಾಗ ಬದಲಿಸುತ್ತೆ, ಕಡು ಬಿಸಿಲಿನ ನೆರಳು ಅದನ್ನು ನುಂಗುತ್ತೆ. ಅದಕ್ಕೇ ಮೋಡ ಮುಚ್ಚಿದ ಬೆಳಗ್ಗೆ ಮತ್ತೆ ಹೋದೆವು. ಕಲ್ಲಿನ ಸುತ್ತ ಮೂರು ಸುತ್ತು: ಸೊಂಟದ ಎತ್ತರಕ್ಕೆ ಒಂದು, ಎದೆಯ ಎತ್ತರಕ್ಕೆ ಒಂದು, ತಲೆ ಮೇಲೆ ಕೈ ಎತ್ತಿ ಒಂದು. ಪ್ರತಿ ಹೆಜ್ಜೆಗೂ ಒಂದು ಫೋಟೊ, ಹಿಂದಿನ ಫೋಟೊದ ಮುಕ್ಕಾಲು ಭಾಗ ಇದರಲ್ಲೂ ಇರಬೇಕು. ಜೂಮ್ ಬೇಡ, ಫ್ಲ್ಯಾಶ್ ಬೇಡ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲು. ನಾವು ಹೀಗೆ ಫೋನ್ ಹಿಡಿದು ಸುತ್ತುವುದನ್ನು ನೋಡಿ, ಆ ಕಲ್ಲಿಗೆ ದಿನಾ ದೀಪ ಹಚ್ಚುವ ಅಜ್ಜಿ ಬಂದರು. "ಏನ್ರಪ್ಪಾ, ಹರಕೆ ಏನಾನ ಹೊತ್ಕಂಡಿದ್ದೀರಾ?"

ವಿಷಯ ಹೇಳಿದೆವು. ಅವರೇ ಬಟ್ಟೆ ಒದ್ದೆ ಮಾಡಿ ತಂದು ಎಣ್ಣೆ ಒರೆಸಿಕೊಟ್ಟರು. ನಾವಾಗಿ ಉಜ್ಜಬಾರದು, ಅಕ್ಷರ ಕಾಣಲಿ ಅಂತ ಸುಣ್ಣ, ಪೌಡರ್ ಬಳಿಯಲೇಬಾರದು. ಒರೆಸುತ್ತಾ ಒರೆಸುತ್ತಾ ಅಜ್ಜಿ ಹೇಳಿದರು, "ಇವನು ನಮ್ ಈರಣ್ಣ. ದನ ಹೊಡ್ಕಂಡು ಹೋಗಿದ್ರಂತೆ, ಬಿಡಿಸ್ಕಂಡು ಬರಾಕೆ ಹೋಗಿ ಸತ್ತೋನು." ನಾವು ಬಗ್ಗಿ ನೋಡಿದರೆ ನಿಜ, ತೀರಾ ಕೆಳಗೆ, ಹುಲ್ಲು ಮುಚ್ಚಿದ ಪಟ್ಟಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ದನಗಳು. ಹುಲ್ಲು ಸರಿಸಿ ಇನ್ನೊಂದು ಸುತ್ತು ಹಾಕಿದೆವು. ರಿಯಾಲಿಟಿಸ್ಕ್ಯಾನ್, ಕಿರಿ ಎಂಜಿನ್, ಪಾಲಿಕ್ಯಾಮ್, ಸ್ಕ್ಯಾನಿವರ್ಸ್ ಯಾವುದಾದರೂ ಸರಿ. ಕೊನೆಗೆ ಜಿಎಲ್‌ಬಿ ಕೈಗೆ ಬರಬೇಕು, ಮೂಲ ಫೋಟೊಗಳೂ ಉಳಿಯಬೇಕು. ಐದು ವರ್ಷ ಬಿಟ್ಟು ಇನ್ನೂ ಒಳ್ಳೆ ತಂತ್ರಾಂಶ ಬಂದರೆ ಅವೇ ಫೋಟೊಗಳಿಂದ ಇನ್ನೂ ಒಳ್ಳೆ ಮಾದರಿ ಬರುತ್ತೆ.

ನಾಲ್ಕು ತಿಂಗಳ ಮೇಲೆ ರಸ್ತೆ ಬಂತು. ಕಲ್ಲನ್ನು ಒಡೆಯಲಿಲ್ಲ, ಊರಿನವರೇ ಭಕ್ತಿಯಿಂದ ಎತ್ತಿ ಗುಡಿ ಅಂಗಳದಲ್ಲಿ ನಿಲ್ಲಿಸಿದರು. ಅಲ್ಲಾಡದಿರಲಿ ಅಂತ ಬುಡಕ್ಕೆ ಒಂದು ಅಡಿ ಕಾಂಕ್ರೀಟು. ದನಗಳೆಲ್ಲಾ ಈಗ ಅದರೊಳಗೆ. ಅಜ್ಜಿಗೆ ಫೋನಿನಲ್ಲಿ ಮಾದರಿ ತಿರುಗಿಸಿ ತೋರಿಸಿದರೆ, ಬೆರಳಿನಲ್ಲಿ ಎಣಿಸಿ "ಏಳು" ಅಂದರು. ನಾವು ಯಾರೂ ಎಣಿಸಿರಲಿಲ್ಲ.

ಶಾಸನ ಓದುವ ಕೆಲಸ ಮಾತ್ರ ಬಲ್ಲವರಿಗೆ ಬಿಡಿ, ಊಹೆ ಮಾಡಿ ಬರೆಯಬೇಡಿ. ಹಳೆಯ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್‌ನ ಒಂಬತ್ತನೇ ಸಂಪುಟದಲ್ಲಿವೆ, ಮೊದಲ ಭಾಗ 1939ರದು. ಮಡಕಶಿರಾ, ರಾಯದುರ್ಗ, ಆದೋನಿ ಕಡೆಯವರು ಮೊದಲು ಅದರಲ್ಲಿ ನಿಮ್ಮ ಊರಿನ ಹೆಸರು ಹುಡುಕಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಅಲ್ಲಿನ ಸುತ್ತಮುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಸವೆದಂತೆ ಕಾಣುವ ಅಕ್ಷರವೂ ಕಂಪ್ಯೂಟರಿನಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟಾಗ ಏಳುತ್ತೆ. ಅವರ ಸ್ಕ್ಯಾನರ್ ನಮ್ಮ ಹತ್ತಿರ ಇಲ್ಲ. ಓರೆ ಬೆಳಕಿನ ಉಪಾಯ ನಮಗೂ ಆಗುತ್ತೆ: ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟು ಕೆಲವು ಫೋಟೊ ಬೇರೆಯಾಗಿ ತೆಗೆದಿಟ್ಟರೆ ಓದುವವರಿಗೆ ಉಪಕಾರ.

ಎಆರ್ ಬಗ್ಗೆ ಚಿಕ್ಕದಾಗಿ ಹೇಳ್ತೇವೆ, ನಾಳೆ ಮಾಡಿಯೇ ತೋರಿಸುತ್ತೇವಲ್ಲ. ಜಾತ್ರೆಯ ಕರಪತ್ರದಲ್ಲಿ ವೀರಗಲ್ಲಿನ ಚಿತ್ರ ಹಾಕಿಸಿದೆವು. ಫೋನ್ ಹಿಡಿದರೆ ಆ ಚಿತ್ರದ ಮೇಲೆ ಕಲ್ಲು ಎದ್ದು ನಿಲ್ಲುತ್ತೆ, ಮುಟ್ಟಿದರೆ ಅಜ್ಜಿಯ ದನಿ. ಮೈಂಡ್‌ಎಆರ್ ಅನ್ನುವ ಮುಕ್ತ ತಂತ್ರಾಂಶ, ಬ್ರೌಸರಿನಲ್ಲೇ ನಡೆಯುತ್ತೆ, ಯಾರೂ ಆ್ಯಪ್ ಇಳಿಸಿಕೊಳ್ಳಬೇಕಿಲ್ಲ. ಮೂರು ಕಡೆ ಎಡವಿದೆವು. ಲ್ಯಾಮಿನೇಶನ್ ಮಾಡಿಸಿದ ಪ್ರತಿಗಳು ಬೆಳಕಿಗೆ ಹೊಳೆದು ಫೋನಿಗೆ ಗುರುತು ಸಿಗಲಿಲ್ಲ. ಪುಟದ ವಿಳಾಸ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಬ್ರೌಸರ್ ಕ್ಯಾಮೆರಾ ಕೊಡುವುದೇ ಇಲ್ಲ. ದನಿ ತಾನಾಗಿ ಶುರುವಾಗಲ್ಲ, ನೋಡುವವರು ಒಮ್ಮೆ ಪರದೆ ಮುಟ್ಟಬೇಕು, ಆದ್ದರಿಂದ "ಮುಟ್ಟಿ ಕೇಳಿ" ಅಂತ ಕನ್ನಡದಲ್ಲಿ ಒಂದು ಗುಂಡಿ ಇಡಿ. ಆ ಗುಂಡಿಯೂ ಚಿತ್ರವೇ.

ದನಿಯನ್ನು ನಾವು ತಿದ್ದಲಿಲ್ಲ. "ಹೊಡ್ಕಂಡು" ಅಂದದ್ದು "ಹೊಡ್ಕಂಡು" ಅಂತಲೇ ಇದೆ. ರೇಡಿಯೊ ಕನ್ನಡದಲ್ಲಿ ಮತ್ತೆ ಹೇಳಿಸೋಣ ಅಂತ ನಮ್ಮಲ್ಲೇ ಒಬ್ಬರು ಅಂದರು, ಜಗಳವೇ ಆಯ್ತು, ಅವರು ಸೋತರು. ಪಕ್ಕದ ಓಣಿಯ ತೆಲುಗು ಗೆಳೆಯನೊಬ್ಬ ಅದನ್ನೇ ತೆಲುಗಿನಲ್ಲಿ ಹೇಳಿಕೊಟ್ಟ, ಈಗ ಎರಡು ಗುಂಡಿ ಇವೆ. ಕಾಸರಗೋಡಿನಲ್ಲಿ ಮಾಡಿದರೆ ಮಲಯಾಳ, ಅಕ್ಕಲಕೋಟೆಯಲ್ಲಿ ಮರಾಠಿ ಇರಲಿ. ಆಯಾ ರಾಜ್ಯದ ಪ್ರವಾಸೋದ್ಯಮದವರು ಅವರ ಭಾಷೆಯಲ್ಲಿ ಮಾಡಿಕೊಳ್ತಾರೆ, ಅದು ತಪ್ಪಲ್ಲ. ಬೆಂಗಳೂರಿನವರು ಮಾಡಿದ್ದು ಗಡಿಗೆ ಬಂದು ನಿಲ್ಲುತ್ತೆ. ನಡುವೆ ಇರುವ ನಮ್ಮ ಕಲ್ಲಿಗೆ, ನಮ್ಮ ಶಾಲೆಗೆ ಕನ್ನಡದ ಬೋರ್ಡು ನಾವೇ ತೂಗುಹಾಕಬೇಕು, ಫೋನಿನೊಳಗಾದರೂ.

ಕೇಳಿ ತೆಗೆಯುವುದನ್ನು ಮರೆಯಬೇಡಿ. ಮನೆಯಾದರೆ ಮನೆಯವರನ್ನು, ಗುಡಿಯಾದರೆ ಪೂಜೆ ಮಾಡುವವರನ್ನು, ಮಕ್ಕಳ ಮುಖ ಬರುವುದಾದರೆ ತಂದೆ ತಾಯಿಯನ್ನು. ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ದೈವದ ಸ್ಥಾನಗಳಲ್ಲಿ ಬೇಡ ಅಂದರೆ ಬೇಡ, ಹಿಂದೆ ಬನ್ನಿ.

ಈಗ ಚಹಾ ಇದೆ. ಆಮೇಲೆ ಐದೈದು ಜನ ಒಂದು ಗುಂಪು. ಹಿತ್ತಿಲಲ್ಲಿ ಹಳೆಯ ಒರಳುಕಲ್ಲು ಒಂದಿದೆ, ಬಿಸಿಲು ಇಳಿಯುವ ಹೊತ್ತಿಗೆ ಅದರ ಸುತ್ತ ಸುತ್ತೋಣ. ಎಲ್ಲರೂ ಫೋನಿನಲ್ಲಿ ಎರಡು ಜಿಬಿ ಜಾಗ ಖಾಲಿ ಮಾಡಿಟ್ಟುಕೊಳ್ಳಿ. ಏನು ಅಳಿಸ್ತಾ ಇದ್ದೀರಿ ಅಂತ ನೋಡಿಕೊಂಡು ಅಳಿಸಿ.